ಮನೆಖರ್ಚಿಗೂ ಶೂನ್ಯಾಧಾರಿತ ಆಯವ್ಯಯ

ದಾಸ್ತಾನಿಗೆ ಪೈಸೆ ಪೈಸೆ ಲೆಕ್ಕವಿಡುವ ನಮ್ಮ ಅನೇಕ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಮನೆಗೆ ಕೊಂಡೊಯ್ಯುವ ಹಣಕ್ಕೆ ಮಾತ್ರ ಲೆಕ್ಕವಿಡುವುದಿಲ್ಲ. ಬೇಕಾದಾಗ ಗಲ್ಲಾದಿಂದ ತೆಗೆದು, ವರ್ಷಾಂತ್ಯದಲ್ಲಿ ಒಟ್ಟು ಮೊತ್ತವನ್ನು ಸ್ವಂತ ಖರ್ಚಿನ ಖಾತೆಗೆ ಬರೆಯುವುದು ರೂಢಿ. ಆದರೆ ಗಲ್ಲಾದಲ್ಲಿರುವುದೆಲ್ಲ ಲಾಭವಲ್ಲ. ಸರಕು ಕೊಟ್ಟವರ ಬಾಕಿ, ಕೆಲಸಗಾರರ ಸಂಬಳ, ಸರ್ಕಾರಕ್ಕೆ ಸಲ್ಲಬೇಕಾದ ಜಿಎಸ್‌ಟಿ ಅದರಲ್ಲಿ ಸೇರಿರುತ್ತವೆ. ಅದನ್ನು ಮನೆಗೆ ಬಳಸಿ, ಬಳಿಕ ಸರಕಿಗಾಗಿ ಬಡ್ಡಿಗೆ ಹಣ ತರುವವರು ತಮ್ಮ ದುಡಿಯುವ ಬಂಡವಾಳವನ್ನು ತಾವೇ ಕರಗಿಸುತ್ತಾರೆ.

ಇದಕ್ಕೆ ಶೂನ್ಯಾಧಾರಿತ ಆಯವ್ಯಯವು ತಕ್ಕ ಪರಿಹಾರವಾಗಬಲ್ಲದು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದ ಪೀಟರ್ ಪಿಯರ್ ಅವರು 1970ರಲ್ಲಿ ಈ ಪದ್ಧತಿಯನ್ನು ಕುರಿತು ಬರೆದರು. ಜಿಮ್ಮಿ ಕಾರ್ಟರ್ ಅವರು ಜಾರ್ಜಿಯಾದ ಗವರ್ನರ್ ಆಗಿ ಇದನ್ನು ಅಳವಡಿಸಿ, 1977ರಲ್ಲಿ ಅಧ್ಯಕ್ಷರಾದ ಮೇಲೆ ಒಕ್ಕೂಟ ಸರ್ಕಾರಕ್ಕೂ ತಂದರು. ಕಾಗದಪತ್ರಗಳ ಹೊರೆ ಹೆಚ್ಚಿತೆಂಬ ಟೀಕೆಯ ನಡುವೆ 1981ರಲ್ಲಿ ಅಲ್ಲಿ ಅದನ್ನು ಕೈಬಿಡಲಾಯಿತು. ಆದರೆ ಹತ್ತು ಹನ್ನೆರಡು ಬಾಬುಗಳಿರುವ ಸಂಸಾರಕ್ಕೆ ಅಂತಹ ಹೊರೆಯಿಲ್ಲ. ಒಂದು ಹಾಳೆ ಸಾಕು.

ಕಳೆದ ವರ್ಷದ ಖರ್ಚಿಗೆ ಇಷ್ಟು ಸೇರಿಸುವುದರ ಬದಲು ಪ್ರತಿ ಬಾಬನ್ನೂ ಸೊನ್ನೆಯಿಂದ ಸಮರ್ಥಿಸಿಕೊಳ್ಳುವುದೇ ಇದರ ತಿರುಳು. ಮೊದಲು, ಹಿಂದಿನ ಹನ್ನೆರಡು ತಿಂಗಳಲ್ಲಿ ಅತಿ ಕಡಿಮೆ ಲಾಭ ಬಂದ ತಿಂಗಳನ್ನು ನೋಡಿ, ಆ ಲಾಭವನ್ನು ಮೀರದಂತೆ ಮಾಲೀಕರ ಮಾಸಿಕ ಮೊತ್ತವನ್ನು ನಿಗದಿಪಡಿಸಬೇಕು. ಅದು 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಸಿಗೆ 14,000, ಮನೆಸಾಲದ ಕಂತಿಗೆ 16,000, ಶಾಲಾ ಶುಲ್ಕಕ್ಕೆ 8,000, ವಿಮೆಗೆ 5,000, ಔಷಧಿಗೆ 3,000, ಹಬ್ಬ ಹಾಗೂ ಮದುವೆ ಮುಯ್ಯಿಗಳಿಗೆ 4,000, ಉಳಿತಾಯಕ್ಕೆ 10,000 ಎಂದು ಹಂಚಿದರೆ ಶೇಷ ಸೊನ್ನೆ. ಎಲ್ಲವನ್ನೂ ಖರ್ಚು ಮಾಡಬೇಕೆಂದು ಇದರ ಅರ್ಥವಲ್ಲ. ಉಳಿತಾಯವೂ ಒಂದು ಬಾಬೇ. ಜೂನ್ ತಿಂಗಳಲ್ಲಿ ಒಮ್ಮೆಗೇ ಎದುರಾಗುವ 96,000 ರೂಪಾಯಿ ಶಾಲಾ ಶುಲ್ಕಕ್ಕೆ ಪ್ರತಿ ತಿಂಗಳೂ 8,000 ತೆಗೆದಿಟ್ಟವರಿಗೆ ಆಗ ಗಲ್ಲಾಕ್ಕೆ ಕೈಹಾಕುವ ಪ್ರಮೇಯ ಬರುವುದಿಲ್ಲ.

ವ್ಯಾಪಾರದಲ್ಲಿ ಏರಿಳಿತವಿರುವಾಗ ಇದು ಹೇಗೆ ಸಾಧ್ಯವೆಂದು ಕೇಳಬಹುದು. ಏರಿಳಿತವಿರುವುದರಿಂದಲೇ ಇದು ಅಗತ್ಯ. ಒಳ್ಳೆಯ ತಿಂಗಳ ಹೆಚ್ಚುವರಿ ಲಾಭ ವ್ಯಾಪಾರದ ಖಾತೆಯಲ್ಲೇ ಉಳಿದರೆ, ಮಂದಿಯ ತಿಂಗಳಲ್ಲಿಯೂ ಮನೆಗೆ ಅಷ್ಟೇ ಮೊತ್ತ ಕೊಡಬಹುದು. ಇದಕ್ಕಾಗಿ ಮನೆಯ ಬ್ಯಾಂಕ್ ಖಾತೆಯನ್ನು ಪ್ರತ್ಯೇಕವಾಗಿರಿಸುವುದು ಲೇಸು. ಏಕಮಾಲೀಕತ್ವದ ವ್ಯವಹಾರದಲ್ಲಿ ಅಂಗಡಿಯ ಸಾಲಕ್ಕೆ ಮಾಲೀಕನ ಸ್ವಂತ ಆಸ್ತಿಯೂ ಹೊಣೆಯಾಗುವುದರಿಂದ, ಅಂಗಡಿಯ ಬಂಡವಾಳವನ್ನು ಕಾಯುವುದೆಂದರೆ ಮನೆಯನ್ನೇ ಕಾಯುವುದು.

ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವ ವರ್ತಕರು ಅದರ ಜೊತೆಗೆ ಮನೆಯ ಲೆಕ್ಕಕ್ಕೂ ಒಂದು ಪುಸ್ತಕವನ್ನಿಟ್ಟು, ಮನೆಮಂದಿಯೊಡನೆ ಕುಳಿತು ಪ್ರತಿ ಬಾಬನ್ನೂ ಹೊಸದಾಗಿ ಪರಿಶೀಲಿಸುವುದು ಶ್ರೇಯಸ್ಕರ.