ಅಟ್ಟ ತನ್ನ ಕಾಲ ಮೇಲೆ ತಾನು ನಿಲ್ಲಲಿ

ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ರೆಸ್ಟ್ ತಗೊಳ್ಳೋಣ ಅಂತ ಹೋದವನು ಅಪ್ಪನ ಜೊತೆ ಜಗಳ ಆಡಿಕೊಂಡು ಬಂದೆ. ಜಗಳ ಆಸ್ತಿಗಲ್ಲ, ಮದುವೆಗೂ ಅಲ್ಲ (ಅದು ಪ್ರತಿ ಸಲ ಇದ್ದದ್ದೇ). ಒಂದು ಅಟ್ಟಕ್ಕೆ!

ಮನೆ ಹಿಂದೆ ಅಪ್ಪನ ಶೆಡ್ಡು ಇದೆ. ಹೆಸರಿಗೆ ಶೆಡ್ಡು, ಅಸಲಿಗೆ ಅವರ ವರ್ಕ್‌ಶಾಪು. ವೈಸು, ಡ್ರಿಲ್ಲು, ಗ್ರೈಂಡರು, ಸುಟ್ಟುಹೋದ ಮೋಟಾರುಗಳು, ಮೂಲೆಯಲ್ಲಿ ಪವರ್ ಟಿಲ್ಲರು. ಬೆಳಗ್ಗೆ ಕಾಫಿ ಕುಡಿದು ಒಳಗೆ ಹೋದರೆ ಅಮ್ಮ ಊಟಕ್ಕೆ ಮೂರು ಸಲ ಕೂಗೋ ತನಕ ಹೊರಗೆ ಬರೋದಿಲ್ಲ. ಹಳೆ ಮನೆ ಕೆಡವಿದ ಮೇಲೆ ಕಾಯಿ ಹಾಕೋಕೆ ಜಾಗ ಇರಲಿಲ್ಲ. ಹಾಗಾಗಿ ಶೆಡ್ಡಿನೊಳಗೇ ಒಂದು ಅಟ್ಟ ಮಾಡಿಸೋದು ಅಂತಾಯ್ತು.

ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಒಂದು ಮಾತು. ಉಂಡೆ ಕೊಬ್ಬರಿ ಬಿಸಿಲಿಗೆ ಒಣಗಿಸಿ ಮಾಡೋದಲ್ಲ. ಚೆನ್ನಾಗಿ ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಡ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತೆ, ಕೊಬ್ಬರಿ ಚಿಪ್ಪನ್ನ ಬಿಟ್ಟುಕೊಳ್ಳುತ್ತೆ. ಅಲ್ಲಾಡಿಸಿದರೆ ಒಳಗೆ ಗೊಟಗೊಟ ಸದ್ದು ಬಂದಾಗ ಸುಲಿದು ಒಡೀತಾರೆ. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಅಟ್ಟ ಅಂದ್ರೆ ಬೇಡದ ಸಾಮಾನು ಎಸೆಯೋ ಜಾಗ ಅಲ್ಲ. ಅದು ನಮ್ಮ ಒಂದು ವರ್ಷದ ದುಡ್ಡು.

ಶೆಡ್ಡು ನೋಡೋಕೆ ಬಂದ ವೆಲ್ಡಿಂಗ್‌ನವರು ಮೇಲೆ ನೋಡಿದರು, ಟೇಪು ಹಿಡಿದರು, ಎರಡೇ ನಿಮಿಷದಲ್ಲಿ ಐಡಿಯಾ ಕೊಟ್ಟರು. ಮಾಡಿನ ಪೈಪಿಗೆ ರಾಡು ಬಿಟ್ಟು ಅಟ್ಟನ ನೇತು ಹಾಕೋದು. ಕಂಬಾನೇ ಬೇಡ, ಕೆಳಗೆ ಜಾಗವೆಲ್ಲ ಖಾಲಿ, ಖರ್ಚೂ ಕಡಿಮೆ. ಅಪ್ಪನಿಗೆ ಬಹಳ ಹಿಡಿಸಿತು. "ತಡೆಯುತ್ತಾ?" ಅಂತ ನಾನು ಕೇಳಿದೆ.

"ಏನೂ ಆಗಲ್ಲ ಬುಡಿ ಸಾರ್."

ನಾನು ಸಾಫ್ಟ್‌ವೇರ್‌ನವನು. "ಏನೂ ಆಗಲ್ಲ" ಅನ್ನೋ ಮಾತು ಕೇಳಿದರೆ ನನಗೆ ಭಯ. ಶುಕ್ರವಾರ ಸಂಜೆ ಹಾಗಂದುಕೊಂಡು ಕೋಡ್ ಹಾಕಿ, ಶನಿವಾರ ಪೂರ್ತಿ ಆಫೀಸಲ್ಲಿ ಕೂತ ಅನುಭವ ಇದೆ. ಆದರೆ ಅಲ್ಲಿ ಹಳೇ ಕೋಡ್ ವಾಪಸ್ ಹಾಕಿದರೆ ಎಲ್ಲ ಸರಿಹೋಗುತ್ತೆ. ಕೆಳಗೆ ಅಪ್ಪ ಕೂತಿರುವಾಗ ಅಟ್ಟ ಬಿದ್ದರೆ ಯಾವುದನ್ನ ವಾಪಸ್ ಹಾಕೋದು?

ಹತ್ತು ಕಾಯಿ ಮೂಟೆ ಕಟ್ಟಿ ತೂಗಿದೆ. ಹನ್ನೆರಡು ಕೆಜಿ ಬಂತು. ಅಪ್ಪ ಹಾಕಬೇಕು ಅಂತಿದ್ದದ್ದು 1500 ಕಾಯಿ. ಅಂದ್ರೆ 1800 ಕೆಜಿ. ಹತ್ತಿರ ಹತ್ತಿರ ಮೂರು ಮಾರುತಿ 800 ಕಾರು! ಹನ್ನೆರಡು ಅಡಿಗೆ ಹತ್ತಡಿ ಅಟ್ಟ ಅಂದ್ರೆ ಸುಮಾರು 11 ಚದರ ಮೀಟರ್. ಮೀಟರಿಗೆ 160 ಕೆಜಿ ದಾಟುತ್ತೆ.

ಆಮೇಲೆ ನಮ್ಮ ದೇಶದ ಸ್ಟ್ಯಾಂಡರ್ಡ್ ತೆಗೆದು ನೋಡಿದೆ. ಐಎಸ್ 875, ಎರಡನೇ ಭಾಗ, 1987. ರಿಪೇರಿಗೆ ಬಿಟ್ಟು ಬೇರೆ ಯಾವುದಕ್ಕೂ ಯಾರೂ ಹತ್ತದ, ಇಳಿಜಾರು ಕಡಿಮೆ ಇರೋ ಮಾಡಿಗೆ ಅದು ಲೆಕ್ಕ ಹಿಡಿಯೋಕೆ ಹೇಳೋದು ಚದರ ಮೀಟರಿಗೆ ಸುಮಾರು 75 ಕೆಜಿ. ಸಾಮಾನು ತುಂಬೋ ಗೋದಾಮಿನ ನೆಲಕ್ಕೆ ಕನಿಷ್ಠ 750 ಕೆಜಿ. ಹತ್ತರಷ್ಟು! ಮಾಡು ಅನ್ನೋದು ಮಳೆ, ಗಾಳಿ ತಡೆಯೋಕೆ ಹುಟ್ಟಿದ್ದು. ಅದಕ್ಕೆ ಗೋದಾಮಿನ ಕೆಲಸ ಕೊಡೋದು ಯಾವ ನ್ಯಾಯ?

"ಲೇ, ಮಧ್ಯ ಕಂಬ ನೆಟ್ರೆ ಟಿಲ್ಲರ್ ಎಲ್ಲೋ ನಿಲ್ಸೋದು? ನಿಮ್ಮಜ್ಜಿ ಮನೇಲಿ ಅಟ್ಟ ಇರಲಿಲ್ವಾ, ಕಂಬ ಇತ್ತಾ?" ಅಂದರು ಅಪ್ಪ.

ಅಜ್ಜಿ ಮನೆ ಹೊಳೆನರಸೀಪುರದ ಕಡೆ. ಬೇಸಿಗೆ ರಜೆಯಲ್ಲಿ ಆ ಅಟ್ಟ ಹತ್ತಿ ಅಡಗಿ ಕೂತಿದ್ದು ನನಗೂ ನೆನಪಿದೆ. ಕಂಬ ಇರಲಿಲ್ಲ, ನಿಜ. ಆದರೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಇತ್ತು, ಅದರ ಮೇಲೆ ತೊಡೆ ಗಾತ್ರದ ತೊಲೆಗಳು ಕೂತಿದ್ದವು. ಭಾರ ತೊಲೆಗೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ. ಹೆಂಚಿನ ಮಾಡಿಗೂ ಅಟ್ಟಕ್ಕೂ ಸಂಬಂಧವೇ ಇರಲಿಲ್ಲ. ಈಗ ನಾವು ಗೋಡೆ ತೆಗೆದು ಶೀಟು ಹೊಡೆದಿದ್ದೀವಿ, ತೊಲೆ ತೆಗೆದು ತೆಳು ಪೈಪು ಹಾಕಿದ್ದೀವಿ. ಅಟ್ಟದ ಆಸೆ ಮಾತ್ರ ಹಾಗೇ ಇಟ್ಟುಕೊಂಡಿದ್ದೀವಿ.

ಕೊನೆಗೆ ಹಾಸನಕ್ಕೆ ಹೋಗಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಅಳತೆ ತೋರಿಸಿದೆ. ಅವರು ಹೇಳಿದ್ದು ಒಂದೇ ಮಾತು: ಮಾಡಿಗೆ ಏನನ್ನೂ ನೇತು ಹಾಕಬೇಡಿ, ಅಟ್ಟ ತನ್ನ ಕಾಲ ಮೇಲೆ ತಾನು ನಿಲ್ಲಲಿ. ಹನ್ನೆರಡು ಅಡಿ ಪೈಪಿನ ಮಧ್ಯಕ್ಕೂ ಒಂದು ಕಂಬ ಕೊಡಿಸಿದರು. ಯಾಕೆ ಅಂದ್ರೆ ಅದೇ ಪೈಪಿಗೆ, ಅಡಿಗೆ ಅಷ್ಟೇ ಭಾರ ಇದ್ದರೂ, ಕಂಬದಿಂದ ಕಂಬಕ್ಕೆ ಇರೋ ದೂರ ಎರಡರಷ್ಟಾದರೆ ಬಗ್ಗೋದು ಹದಿನಾರರಷ್ಟು ಆಗುತ್ತೆ. ಮೊದಲ ವರ್ಷ ಎಂಜಿನಿಯರಿಂಗ್‌ನಲ್ಲಿ ಎಲ್ಲ ಬ್ರಾಂಚಿನವರಿಗೂ ಮೆಕ್ಯಾನಿಕ್ಸ್ ಇತ್ತು. ಕಂಪ್ಯೂಟರ್ ಸೈನ್ಸ್‌ನವನಿಗೆ ಇದು ಯಾಕೆ ಬೇಕು ಅಂತ ಬೈಕೊಂಡು ಪಾಸಾಗಿದ್ದೆ. ಈಗ ಗೊತ್ತಾಯ್ತು ಬಿಡಿ.

ಹಾಗಂತ ನಾನೇ ದೊಡ್ಡ ಬುದ್ಧಿವಂತ ಅಂದುಕೊಳ್ಳಬೇಡಿ. ಅಟ್ಟದ ಮೇಲೆ ನೀಟಾಗಿ ಪ್ಲೈವುಡ್ ಹಾಸಿಬಿಡೋಣ ಅಂದಿದ್ದು ನಾನು. ಅಪ್ಪ ನಕ್ಕುಬಿಟ್ಟರು. "ಗಾಳಿ ಎಲ್ಲಿಂದ ಆಡ್ತದೋ? ಕೆಳಗಿನ ಕಾಯೆಲ್ಲ ಕೊಳೀತವೆ." ಅಡಿಕೆ ಮರದ ದಬ್ಬೆನ ಎರಡು ಬೆರಳು ಸಂದು ಬಿಟ್ಟು ಹಾಸಿದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಭಾರದ ಲೆಕ್ಕ ನನಗೆ ಸಿಕ್ಕಿತ್ತು, ಕಾಯಿಯ ಲೆಕ್ಕ ಅವರಿಗೆ ಗೊತ್ತಿತ್ತು. ಇಬ್ಬರಲ್ಲಿ ಒಬ್ಬರ ಮಾತೇ ನಡೆದಿದ್ದರೂ ಅಟ್ಟ ಕೆಡುತ್ತಿತ್ತು.

ಕಂಬ, ಬುಡಕ್ಕೆ ಕಾಂಕ್ರೀಟು, ಕಾಯಿ ಉರುಳದ ಹಾಗೆ ಅಂಚಿಗೆ ಒಂದು ಪಟ್ಟಿ, ಜಾರದ ಹಾಗೆ ಕಚ್ಚಿಸಿದ ಏಣಿ... ಎಲ್ಲ ಸೇರಿ ಹನ್ನೊಂದು ಸಾವಿರ ಜಾಸ್ತಿ ಆಯ್ತು. ದಂಡ ಅಂತ ಎರಡು ದಿನ ಅಪ್ಪ ಗೊಣಗಿದರು. ಇಲ್ಲೇ ನನ್ನ ತಕರಾರು ಇರೋದು. ಲಕ್ಷಗಟ್ಟಲೆ ಹಾಕಿ ಶೆಡ್ಡು ಕಟ್ಟಿಸ್ತೀವಿ, ಶೀಟಿನ ಬಣ್ಣಕ್ಕೆ ಮೂರು ಅಂಗಡಿ ಸುತ್ತುತೀವಿ. ಅರ್ಧ ಗಂಟೆ ಕೂತು ಭಾರದ ಲೆಕ್ಕ ಹಾಕೋಕೆ ಮಾತ್ರ ಪುರುಸೊತ್ತಿಲ್ಲ. ಅದರ ಮೇಲೆ, ಲೆಕ್ಕ ಹಾಕಿದ ದಿನದ ಭಾರವೇ ಕೊನೆ ತನಕ ಇರುತ್ತೆ ಅನ್ನೋ ಹಾಗೂ ಇಲ್ಲ. ಕೊಬ್ಬರಿ ರೇಟು ಏರುತ್ತೆ ಅಂತ ಸುದ್ದಿ ಬಂದರೆ ಯಾರೂ ಇಳಿಸಲ್ಲ, ಹಳೆ ಕಾಯಿ ಮೇಲೆ ಹೊಸ ಕಾಯಿ ಬೀಳುತ್ತೆ. 1500 ಇದ್ದದ್ದು ಎರಡು ಸಾವಿರ ಆಗೋದು ಯಾರಿಗೂ ಗೊತ್ತೇ ಆಗಲ್ಲ. ಅಟ್ಟಕ್ಕೆ ಗೊತ್ತಾಗುತ್ತೆ.

ಇದನ್ನೆಲ್ಲ ಅರಕಲಗೂಡಿನ ಗೆಳೆಯನಿಗೆ ಫೋನಲ್ಲಿ ಹೇಳ್ತಿದ್ದೆ. ಅವನ ಶೆಡ್ಡಲ್ಲೂ ನೇತು ಹಾಕಿದ ಅಟ್ಟ. ಮೇಲಿರೋದು ಡ್ರಿಪ್ ಪೈಪು, ಹಳೆ ಮೋಟಾರು, ಗೊಬ್ಬರದ ಮೂಟೆ. ಐವತ್ತು ಕೆಜಿಯ ಇಪ್ಪತ್ತು ಮೂಟೆ ಅಂದ್ರೇ ಒಂದು ಟನ್ ಆಯ್ತಲ್ಲ! ಒಂದು ಪರೀಕ್ಷೆ ಹೇಳಿಕೊಟ್ಟೆ. ಅಟ್ಟದ ಪೈಪಿನ ಎರಡು ತುದಿಗೂ ಅಡಿಯಲ್ಲಿ ಒಂದೊಂದು ಬೆಂಕಿಪೊಟ್ಟಣ ಇಟ್ಟು, ಅವುಗಳ ಕೆಳಗೆ ದಾರ ಬಿಗಿಯಾಗಿ ಎಳೆದು ಕಟ್ಟು. ಮೂರನೇ ಬೆಂಕಿಪೊಟ್ಟಣ ಮಧ್ಯದಲ್ಲಿ ತೂರಬೇಕು. ತೂರದಿದ್ದರೆ ಪೈಪು ಬಗ್ಗಿದೆ.

ಅರ್ಧ ಗಂಟೆ ಬಿಟ್ಟು ಅವನೇ ಫೋನ್ ಮಾಡಿದ. ತೂರಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ದಿನಾ ಅದರ ಕೆಳಗೇ ಕೂತು ಅವರೆಕಾಯಿ ಬಿಡಿಸ್ತಾರೆ ಕಣೋ" ಅಂದ. ಅವತ್ತು ರಾತ್ರಿನೇ ಮೂಟೆ ಇಳಿಸಿದ.

ನಿಮ್ಮ ಮನೆ ಶೆಡ್ಡಲ್ಲೂ ಅಟ್ಟ ಇದ್ದರೆ ಈ ಭಾನುವಾರ ಒಂದು ದಾರ, ಮೂರು ಬೆಂಕಿಪೊಟ್ಟಣ ಹಿಡಿದು ನೋಡಿ. ತೂರದಿದ್ದರೆ ಮೊದಲು ಭಾರ ಇಳಿಸಿ, ಆಮೇಲೆ ಗೊತ್ತಿರೋರನ್ನ ಕರೆಸಿ.

ಅಂದ ಹಾಗೆ, ಮಧ್ಯದ ಕಂಬ ದಂಡ ಅಂತಿದ್ದ ಅಪ್ಪ ಈಗ ಅದಕ್ಕೆ ಸಾಲಾಗಿ ಕೊಕ್ಕೆ ಹೊಡೆಸಿ ಸ್ಪ್ಯಾನರುಗಳನ್ನ ನೇತು ಹಾಕಿಕೊಂಡಿದ್ದಾರೆ. ಟಿಲ್ಲರು ಸ್ವಲ್ಪ ಓರೆಯಾಗಿ ನಿಂತಿದೆ. ನಿಂತ್ಕೊಳ್ಳಲಿ ಬಿಡಿ.