ಜಲಾಂತರ್ಗಾಮಿಯೂ ಹುಣಸೂರಿನ ಕಸುಬೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದಕ್ಕೂ ಕಡಲಿಲ್ಲ. ಹೊಗೆಸೊಪ್ಪು, ಭತ್ತ, ಶುಂಠಿಗಳ ಧಾರಣೆಯನ್ನು ಬಿಟ್ಟು ಮೇಷ್ಟ್ರು ಜಲಾಂತರ್ಗಾಮಿಯ ವಿಚಾರವನ್ನು ಏಕೆ ಎತ್ತಿಕೊಂಡರು ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಹುಣಸೂರಿನಿಂದ ಮೈಸೂರಿಗೆ ಹೋಗುವಾಗ ಸಿಗುವ ಇಲವಾಲದ ಸಮೀಪ, ರತ್ನಹಳ್ಳಿಯಲ್ಲಿ, ಅಣುಶಕ್ತಿ ಇಲಾಖೆಯ ಸ್ಥಾವರವೊಂದಿದೆ. ನಮ್ಮ ಅಣುಚಾಲಿತ ಜಲಾಂತರ್ಗಾಮಿಗಳ ಇಂಧನದ ಮಾತು ಬಂದಾಗಲೆಲ್ಲ ಅದರ ಹೆಸರು ಕೇಳಿಬರುತ್ತದೆ. 2005ರಲ್ಲಿ ಉದ್ಘಾಟನೆಗೊಂಡ ಕಾರವಾರದ ನೌಕಾನೆಲೆಗೆ ನಮ್ಮ ಕದಂಬರ ಹೆಸರನ್ನೇ ಇಟ್ಟಿದ್ದಾರೆ. ಅದಕ್ಕಾಗಿ ಉತ್ತರ ಕನ್ನಡದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ತೀರಗಳನ್ನು ಬಿಟ್ಟುಕೊಟ್ಟಿವೆ. ಆದ್ದರಿಂದ ಈ ಬಾಬತ್ತಿನ ಹಣ ಹೇಗೆ ವೆಚ್ಚವಾಗುತ್ತಿದೆ ಎಂದು ಕೇಳುವ ಹಕ್ಕು ನಮಗೂ ಇದೆ.

ಮೊದಲು ಲೆಕ್ಕವನ್ನು ನೋಡೋಣ. 1981ರಲ್ಲಿ ಭಾರತವು ಪಶ್ಚಿಮ ಜರ್ಮನಿಯ ಎಚ್‌ಡಿಡಬ್ಲ್ಯು ಸಂಸ್ಥೆಯೊಡನೆ ನಾಲ್ಕು ಜಲಾಂತರ್ಗಾಮಿಗಳಿಗೆ ಒಪ್ಪಂದ ಮಾಡಿಕೊಂಡಿತು. ಎರಡು ಅಲ್ಲಿಯೇ ತಯಾರಾದವು. ಉಳಿದೆರಡನ್ನು, ಅಂದರೆ ಶಾಲ್ಕಿ ಮತ್ತು ಶಂಕುಲ್‌ಗಳನ್ನು, ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ನಮ್ಮವರೇ ಕಟ್ಟಿದರು. ಅವು ನೌಕಾಪಡೆಯನ್ನು ಸೇರಿದ್ದು 1992 ಮತ್ತು 1994ರಲ್ಲಿ. ಆದರೆ 1987ರಲ್ಲಿ ಈ ಖರೀದಿಯಲ್ಲಿ ದಲ್ಲಾಳಿ ಹಣದ ಆರೋಪ ಎದ್ದಿತು. ಇನ್ನೆರಡನ್ನು ಕಟ್ಟುವ ಅವಕಾಶವನ್ನು ಕೈಬಿಡಲಾಯಿತು. ಶಂಕುಲ್ ಮುಗಿದ ಮೇಲೆ ಆ ಅಂಗಳದಲ್ಲಿ ಕಟ್ಟಲು ಜಲಾಂತರ್ಗಾಮಿಯೇ ಇರಲಿಲ್ಲ.

1999ರಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿಯು 30 ವರ್ಷಗಳಲ್ಲಿ 24 ಜಲಾಂತರ್ಗಾಮಿಗಳನ್ನು ಕಟ್ಟುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಫ್ರಾನ್ಸಿನ ಸ್ಕಾರ್ಪಿನ್ ಮಾದರಿಯ ಆರಕ್ಕೆ ಸಹಿ ಬಿದ್ದದ್ದು 2005ರಲ್ಲಿ. 2012ರಲ್ಲಿ ಬರಬೇಕಾಗಿದ್ದ ಮೊದಲನೆಯದಾದ ಕಲ್ವರಿ ನೌಕಾಪಡೆಯನ್ನು ಸೇರಿದ್ದು 2017ರ ಡಿಸೆಂಬರ್‌ನಲ್ಲಿ. 18,798 ಕೋಟಿ ರೂಪಾಯಿಗೆ ಮಂಜೂರಾದ ಯೋಜನೆಯ ವೆಚ್ಚ 23,562 ಕೋಟಿಗೆ ಏರಿತು. ಆರನೆಯದಾದ ವಾಗ್‌ಶೀರ್ ಸೇರ್ಪಡೆಯಾದದ್ದು 2025ರ ಜನವರಿಯಲ್ಲಿ. ಇಪ್ಪತ್ನಾಲ್ಕರ ಯೋಜನೆಗೆ 25 ವರ್ಷ ದಾಟಿದ್ದ ಆ ಹೊತ್ತಿಗೆ ಕೈಗೆ ಬಂದಿದ್ದ ಸಾಂಪ್ರದಾಯಿಕ ಜಲಾಂತರ್ಗಾಮಿಗಳು ಆರೇ ಆರು.

ತಡಕ್ಕೆ ಬಿಡಿಭಾಗಗಳ ಖರೀದಿಯ ತೊಡಕೂ ಕಾರಣವಾಗಿತ್ತು. ಆದರೆ ಮೂಲ ಕಾರಣವು ನಡುವಿನ ಆ ಖಾಲಿ ವರ್ಷಗಳಲ್ಲಿದೆ. ಸಮುದ್ರದಾಳದ ನೀರಿನ ಭಾರವನ್ನು ತಾಳಬೇಕಾದ ಉಕ್ಕಿನ ಒಡಲಿಗೆ ಬೆಸುಗೆ ಹಾಕುವುದು ಬಾಗಿಲಿಗೆ ಗ್ರಿಲ್ ಮಾಡಿದಷ್ಟು ಸುಲಭವಲ್ಲ. ಒಂದು ಬೆಸುಗೆ ಸೋತರೆ ಒಳಗಿರುವ ಅಷ್ಟೂ ಜನರ ಪ್ರಾಣಕ್ಕೆ ಅಪಾಯ. ಆ ಕೈಚಳಕ ಪುಸ್ತಕದಿಂದ ಬರುವುದಿಲ್ಲ, ಪಳಗಿದವನ ಪಕ್ಕದಲ್ಲಿ ನಿಂತು ಕಲಿತಾಗ ಬರುತ್ತದೆ. ಜರ್ಮನಿಯಲ್ಲಿ ತರಬೇತಿ ಪಡೆದು ಬಂದವರು ಕೆಲಸವಿಲ್ಲದೆ ಚದುರಿದರು, ನಿವೃತ್ತರಾದರು. ಹೊಸಬರು ಬಂದಾಗ ಕಲಿಸುವವರು ಇರಲಿಲ್ಲ. ಒಂದೇ ವಿದ್ಯೆಗೆ ದೇಶವು ಎರಡು ಬಾರಿ ಶುಲ್ಕ ಕಟ್ಟಿತು. ಶಾಲೆಯಲ್ಲಿ ಗಣಿತದ ಮೇಷ್ಟ್ರ ಹುದ್ದೆಯನ್ನು ಹತ್ತು ವರ್ಷ ಖಾಲಿ ಬಿಟ್ಟು, ಆ ಸಂಬಳವನ್ನು ಉಳಿತಾಯವೆಂದು ಬರೆದುಕೊಂಡಂತೆ ಇದು.

ಇದಕ್ಕೆ ನಮ್ಮ ಊರಿನ ಚರಿತ್ರೆಯಲ್ಲಿಯೇ ಒಂದು ಪಾಠವಿದೆ. ಕಂಪನಿ ಸರ್ಕಾರದ ಕಾಲದಲ್ಲಿ ಹುಣಸೂರಿನಲ್ಲಿ ಸೈನ್ಯಕ್ಕೆ ಸರಬರಾಜು ಮಾಡುವ ಚರ್ಮದ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿಗಳಿದ್ದವು. 1864ರಲ್ಲಿ ಅವುಗಳನ್ನು ಮುಚ್ಚಿದರು. ಆದರೂ ಹುಣಸೂರಿನ ಬೂಟು, ಕಂಬಳಿ, ಎತ್ತಿನ ಗಾಡಿಗಳು ಬಹುಕಾಲ ಹೆಸರು ಉಳಿಸಿಕೊಂಡವೆಂದು ಹಳೆಯ ಗೆಜೆಟಿಯರ್‌ಗಳಿಂದ ತಿಳಿಯುತ್ತದೆ. ಸರ್ಕಾರ ಕೊಳ್ಳದಿದ್ದರೂ ಊರವರು ಕೊಂಡರು, ಕಸುಬು ಬದುಕಿತು. ಜಲಾಂತರ್ಗಾಮಿಗೆ ಆ ಭಾಗ್ಯವಿಲ್ಲ. ಅದನ್ನು ಯಾವ ಸಂತೆಯಲ್ಲಿಯೂ ಮಾರಲಾಗದು. ಅದಕ್ಕಿರುವ ಗಿರಾಕಿ ಸರ್ಕಾರ ಒಂದೇ. ಆ ಗಿರಾಕಿ ಹತ್ತು ವರ್ಷ ಮುಖ ತಿರುಗಿಸಿದರೆ ಕಸುಬು ಸಾಯುತ್ತದೆ.

ಈ ಪೆಟ್ಟು ನಮಗೆ ಮಾತ್ರ ಬಿದ್ದುದಲ್ಲ. ಬ್ರಿಟನ್ನಿನ ಬ್ಯಾರೋ ಹಡಗುಕಟ್ಟೆಯಲ್ಲಿ ಹೊಸ ಬೇಡಿಕೆಗಳ ನಡುವೆ ಅಂತರ ಬಿದ್ದು ನುರಿತವರು ಚದುರಿದರು. ಅನಂತರ ಆಸ್ಟ್ಯೂಟ್ ಜಲಾಂತರ್ಗಾಮಿಯು ಹಲವು ವರ್ಷ ತಡವಾಗಿ, ಅಮೆರಿಕದ ತಜ್ಞರ ನೆರವಿನಿಂದ, 2010ರಲ್ಲಿ ನೌಕಾಪಡೆಯನ್ನು ಸೇರಿತು. ಜಪಾನ್ ಹಿಡಿದ ದಾರಿಯೇ ಬೇರೆ. ಕೋಬೆ ನಗರದ ಮಿತ್ಸುಬಿಷಿ ಮತ್ತು ಕವಾಸಕಿ ಅಂಗಳಗಳು ದಶಕಗಳಿಂದ ಸರದಿಯಂತೆ, ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಜಲಾಂತರ್ಗಾಮಿಗಳನ್ನು ಕಟ್ಟುತ್ತ ಬಂದಿವೆ. ಬೇಡಿಕೆ ದೊಡ್ಡದಲ್ಲ, ಆದರೆ ನಿಲ್ಲುವುದಿಲ್ಲ.

ಒಂದು ಜಲಾಂತರ್ಗಾಮಿಗೆ ಸುಮಾರು 3,900 ಕೋಟಿ ಸುರಿಯುವ ಬದಲು ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಒಳ್ಳೆಯ ಶಾಲೆಗಳನ್ನು ನಡೆಸಬಾರದೆ ಎಂದು ನಿಮ್ಮಲ್ಲಿ ಕೆಲವರು ವಾದಿಸುತ್ತೀರಿ. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ನನಗೆ ಆ ಪ್ರಶ್ನೆ ಹಗುರವಾಗಿ ಕಾಣುವುದಿಲ್ಲ. ನಮಗೆ ಜಲಾಂತರ್ಗಾಮಿಗಳು ಎಷ್ಟು ಬೇಕು ಎಂಬುದನ್ನು ಸಂಸತ್ತು ಚರ್ಚಿಸಲಿ. ಆರು ಸಾಕೆಂದರೆ ಆರೇ ಆಗಲಿ. ಆದರೆ ಬೇಕೆಂದು ತೀರ್ಮಾನಿಸಿದ ಮೇಲೆ ಒಮ್ಮೆ ಆರು, ಆಮೇಲೆ ಹತ್ತು ವರ್ಷ ಸೊನ್ನೆ ಎಂಬ ಪದ್ಧತಿಯೇ ಎಲ್ಲಕ್ಕಿಂತ ದುಬಾರಿ. ಹೀಗೆ ಪೋಲಾಗುವ ಹಣದಲ್ಲಿ ಹಾಡಿಯ ಶಾಲೆಯ ಪಾಲೂ ಇದೆ.

ನಿಲ್ಲದ ಬೇಡಿಕೆಯಿಂದ ಅಂಗಳದವರು ಸೋಮಾರಿಗಳಾಗುವರೆಂಬ ಆತಂಕವೂ ನ್ಯಾಯವಾದದ್ದೇ. ಅದಕ್ಕೆ ಕಟ್ಟುನಿಟ್ಟಾದ ಗಡುವು, ತಡವಾದರೆ ದಂಡ, ಸಂಸತ್ತಿನೆದುರು ಲೆಕ್ಕ, ಇವು ಮದ್ದು. ಲಂಚದ ಆರೋಪ ಬಂದರೆ ತಪ್ಪಿತಸ್ಥರನ್ನು ಹಿಡಿದು ಶಿಕ್ಷಿಸಬೇಕು. ಅದರ ಬದಲು ಬೆಸುಗೆ ಹಾಕುವವನ ಕೈಯನ್ನು ಖಾಲಿ ಕೂರಿಸಿದರೆ ಶಿಕ್ಷೆಯಾಗುವುದು ದೇಶಕ್ಕೆ.

ಮುಂದಿನ ಆರು ಜಲಾಂತರ್ಗಾಮಿಗಳಿಗೆ 2021ರಲ್ಲಿಯೇ ಟೆಂಡರ್ ಕರೆಯಲಾಯಿತು. ವಾಗ್‌ಶೀರ್ ಸೇರ್ಪಡೆಯಾದ ದಿನಕ್ಕೂ ಅದರ ಒಪ್ಪಂದಕ್ಕೆ ಸಹಿ ಬಿದ್ದಿರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಚಾಳಿ ಇನ್ನೂ ಹೋಗಿಲ್ಲ. ನಮ್ಮ ತಾಲ್ಲೂಕುಗಳ ಐಟಿಐಗಳಿಂದ ಫಿಟ್ಟರ್, ವೆಲ್ಡರ್ ಆಗಿ ಹೊರಬರುವ ಹುಡುಗರಲ್ಲಿ ಯಾರಾದರೂ ಆ ಅಂಗಳವನ್ನು ಸೇರಿದರೆ, ಅವರು ಕಲಿತದ್ದನ್ನು ಮುಂದಿನವರಿಗೆ ಕಲಿಸುವವರೆಗೆ ಅವರ ಕೈಗೆ ಕೆಲಸವಿರಬೇಕು. ಸರ್ಕಾರದಿಂದ ನಾನು ಬಯಸುವುದು ಇಷ್ಟನ್ನೇ.