ದೋಣಿಯ ಅಚ್ಚಿನಲ್ಲಿ ಗಾಳಿಯ ಭಾರ

ಇಂಗಾಲದ ನಾರು ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ವಿಮಾನವೇ ಸುಳಿಯುತ್ತದೆ. ಅದು ಸಹಜ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ, ಇಂದು ತೇಜಸ್ ಎಂದು ಹೆಸರಾದ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಗಾಲದ ನಾರೇ ಮೊದಲಾದ ಸಂಯೋಜಿತ ವಸ್ತುಗಳದು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡಲ ತಡಿಯಲ್ಲಿ ಬೆಳೆದವನಿಗೆ ಇದೇ ವಿದ್ಯೆಯ ಬಡ ಸೋದರನ ಪರಿಚಯ ಎಳವೆಯಿಂದಲೇ ಉಂಟು. ಗಂಗೊಳ್ಳಿಯಲ್ಲಿ, ಕೊಡೇರಿಯಲ್ಲಿ, ಹಂಗಾರಕಟ್ಟೆಯಲ್ಲಿ ಮೀನೆಣ್ಣೆ ಬಳಿದ ಮರದ ದೋಣಿಗಳ ಎಡೆಗೆ ಬಂದ ‘ಫೈಬರ್ ದೋಣಿ’ಯೇ ಅದು. ಅಲ್ಲಿ ನಾರು ಗಾಜಿನದು, ಅಷ್ಟೆ.

ಇಂಥ ದೋಣಿಗಳನ್ನು ಸಣ್ಣ ಕಾರ್ಖಾನೆಗಳು ಸಾಮಾನ್ಯವಾಗಿ ತೆರೆದ ಅಚ್ಚಿನಲ್ಲಿ ಕಟ್ಟುತ್ತವೆ. ಅಚ್ಚಿಗೆ ಮೇಣ ಸವರಿ, ಗಾಜುನಾರಿನ ಚಾಪೆ ಹಾಸಿ, ಕುಂಚದಿಂದ ರಾಳ ಬಳಿದು, ಉರುಳೆಯಿಂದ ಗಾಳಿಗುಳ್ಳೆಗಳನ್ನು ಒತ್ತಿ ತೆಗೆಯುತ್ತಾರೆ. ಹೀಗೆ ಪದರದ ಮೇಲೆ ಪದರ. ಆಗ ಮೂಗಿಗೆ ಅಡರುವ ಘಾಟು ಸ್ಟೈರೀನಿನದು. ಪಾಲಿಯೆಸ್ಟರ್ ರಾಳದ ಮೂರರಲ್ಲೊಂದಕ್ಕೂ ಮಿಕ್ಕ ಪಾಲು ಅದೇ. ಅದು ಕ್ಯಾನ್ಸರಿಗೆ ಕಾರಣವಾಗುವ ಸಂಭವ ಹೆಚ್ಚೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2018ರಲ್ಲಿ ತೀರ್ಮಾನಿಸಿತು. ಅಗ್ಗದ ದೋಣಿಯ ನಿಜವಾದ ಬೆಲೆಯಲ್ಲಿ ಕೆಲಸಗಾರನ ಶ್ವಾಸಕೋಶವನ್ನೂ ಸೇರಿಸಬೇಕೆಂಬುದು ನಮ್ಮ ಮತ.

ವಿಮಾನದ ಕಡೆಯಿಂದ ಕರಾವಳಿಗೆ ಬರಬೇಕಾದುದು ಇಂಗಾಲದ ನಾರಲ್ಲ. ಅದು ದುಬಾರಿ, ಸಾಲದೆಂಬಂತೆ ವಿದ್ಯುದ್ವಾಹಕ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಮ್ ಭಾಗಕ್ಕೆ ತಗುಲಿಕೊಂಡರೆ ಅದನ್ನು ಬೇಗ ತಿಂದುಹಾಕುತ್ತದೆ. ಬರಬೇಕಾದುದು ರಾಳ ತುಂಬುವ ವಿಧಾನ. ಒಣ ಬಟ್ಟೆಯ ಪದರಗಳನ್ನೆಲ್ಲ ಅಚ್ಚಿನಲ್ಲಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚನ್ನು ಗಾಳಿಯಾಡದಂತೆ ಅಂಟಿಸಿ, ಒಂದು ಕಡೆ ಪಂಪನ್ನೂ ಇನ್ನೊಂದು ಕಡೆ ರಾಳದ ನಳಿಗೆಯನ್ನೂ ಜೋಡಿಸುತ್ತಾರೆ. ಪಂಪು ರಾಳವನ್ನು ಎಳೆಯುತ್ತದೆಂದು ಹೇಳುವುದುಂಟು. ಭೌತವಿಜ್ಞಾನದ ವಿದ್ಯಾರ್ಥಿ ಅದನ್ನು ಒಪ್ಪಬಾರದು. ಪಂಪು ಒಳಗಿನ ಗಾಳಿಯನ್ನು ತೆಗೆಯುತ್ತದೆ, ತಳ್ಳುವುದು ಹೊರಗಿನ ವಾತಾವರಣ. ಚದರ ಮೀಟರಿಗೆ ಸುಮಾರು 10 ಟನ್ ಭಾರ ಹಾಳೆಯ ಮೇಲೆ ಕೂತು ಬಟ್ಟೆಯನ್ನು ಅಮುಕುತ್ತದೆ. ಆದ್ದರಿಂದಲೇ ಚಾಪೆಯ ಕೈಕೆಲಸದಲ್ಲಿ ತೂಕದ ಮೂರರಲ್ಲೊಂದು ಪಾಲಿನಷ್ಟಿರುವ ನಾರು, ನೆಯ್ದ ಬಟ್ಟೆಗೆ ಹೀಗೆ ರಾಳ ತುಂಬಿದಾಗ ಮೂರರಲ್ಲೆರಡರ ಹತ್ತಿರಕ್ಕೆ ಬರುತ್ತದೆ. ಸ್ಟೈರೀನಿನ ಆವಿಯೂ ಬಹುಪಾಲು ಹಾಳೆಯ ಅಡಿಯಲ್ಲೇ ಉಳಿಯುತ್ತದೆ.

ಇಲ್ಲೊಂದು ತೊಡಕು. ಡಾರ್ಸಿ ಎಂಬ ಫ್ರೆಂಚ್ ಇಂಜಿನಿಯರು ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು 1856ರಲ್ಲಿ ಪ್ರಕಟಿಸಿದನು. ಬಟ್ಟೆಯೊಳಗಿನ ರಾಳಕ್ಕೂ ಅದೇ ನಿಯಮ. ರಾಳ ಮುಂದೆ ಹೋದಷ್ಟೂ ದಾರಿ ಉದ್ದವಾಗಿ ವೇಗ ಕುಗ್ಗುತ್ತದೆ. ಬೇಕಾಗುವ ಕಾಲ ದೂರದ ವರ್ಗದಂತೆ ಏರುತ್ತದೆ. ಒಂದು ಮೀಟರಿಗೆ 10 ನಿಮಿಷ ಹಿಡಿದರೆ ಎರಡು ಮೀಟರಿಗೆ 40, ಮೂರಕ್ಕೆ 90. ಅಷ್ಟರಲ್ಲಿ ರಾಳ ಹೆಪ್ಪುಗಟ್ಟಿದರೆ ಗತಿಯೇನು? ಅದಕ್ಕೇ ಉದ್ದನೆಯ ದೋಣಿಗೆ ಅಲ್ಲಲ್ಲಿ ನಳಿಗೆಗಳು ಬೇಕು.

ದೋಣಿ ಕಟ್ಟುವವರು ಹಿಂಜರಿದರೆ ತಪ್ಪೆನ್ನಲಾರೆವು. ಕುಂಚದ ಕೆಲಸದಲ್ಲಿ ಕೆಟ್ಟ ಪದರವೊಂದನ್ನು ಆಗಲೇ ಸರಿಪಡಿಸಬಹುದು. ಇಲ್ಲಿ ಸೂಜಿಮೊನೆಯಷ್ಟು ತೂತು ಇಡೀ ಒಡಲನ್ನು ಕೆಡಿಸೀತು. ಹಾಳೆಯೂ ಅಂಟುಪಟ್ಟಿಯೂ ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿದು ಕಸವಾಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ‘ಸರಸ್’ ವಿಮಾನದ ರೆಕ್ಕೆಗಾಗಿ ಇದೇ ಬಗೆಯ ‘ವೆರಿಟಿ’ ವಿಧಾನವನ್ನು ರೂಪಿಸಿತು. ರಾಳ ತುಂಬಿದ ಮೇಲೆ ಹೊರಗಿನಿಂದಲೂ ಒತ್ತಡ ಕೊಡುವುದು ಅದರ ವಿಶೇಷ. ಪ್ರಯೋಗಾಲಯಕ್ಕೆ ಕೆಟ್ಟ ತುಂಡುಗಳ ನಷ್ಟ ತಡೆಯಬಲ್ಲ ಶಕ್ತಿಯುಂಟು, ದೋಣಿಯವನಿಗಿಲ್ಲ. ಆ ಮೊದಲ ಪ್ರಯೋಗಗಳ ಹೊರೆಯನ್ನು ನಮ್ಮ ಊರುಗಳ ಕಾಲೇಜುಗಳು ಹೊರಬೇಕೆಂದು ನಾವು ವಾದಿಸುತ್ತೇವೆ. ನಿರ್ವಾತ ಪಂಪು ಕಪಾಟಿನಲ್ಲಿ ಧೂಳು ತಿನ್ನುವುದಕ್ಕಿಂತ ಇದು ಮೇಲು.

ಆರಂಭಕ್ಕೆ ರಾಳವೂ ಬೇಡ. ಗಾಜಿನ ಹಲಗೆಯೊಂದರ ಮೇಲೆ ಬಟ್ಟೆಯ ಪಟ್ಟಿ ಹಾಸಿ, ಹಾಳೆ ಮುಚ್ಚಿ, ತೆಂಗಿನೆಣ್ಣೆಯನ್ನು ಹರಿಯಬಿಡಿರಿ. ಎಣ್ಣೆ ಪಂಪಿಗೆ ನುಗ್ಗದಂತೆ ನಡುವೆ ಗಟ್ಟಿ ಗೋಡೆಯ ನಿರ್ವಾತ ಸೀಸೆಯೊಂದಿರಲಿ. ಎಣ್ಣೆ ಪ್ರತಿ ಐದು ಸೆಂಟಿಮೀಟರ್ ದಾಟಿದಾಗ ಗಡಿಯಾರ ನೋಡಿ ಬರೆದುಕೊಂಡು, ದೂರದ ವರ್ಗವನ್ನು ಕಾಲದೆದುರು ನಕ್ಷೆಯಲ್ಲಿ ಗುರುತಿಸಿದರೆ ಸರಳರೇಖೆ ಸಿಗುತ್ತದೆ. ಚಾಪೆಗೊಂದು ಓರೆ, ನೆಯ್ದ ಬಟ್ಟೆಗೆ ಇನ್ನೊಂದು. ಎಣ್ಣೆಗೂ ರಾಳಕ್ಕೂ ಇರುವ ಸ್ನಿಗ್ಧತೆಯ ಅಂತರವನ್ನು ಲೆಕ್ಕಕ್ಕೆ ಹಿಡಿದರೆ, ನಳಿಗೆಗಳನ್ನು ಎಷ್ಟೆಷ್ಟು ದೂರದಲ್ಲಿ ಇಡಬೇಕೆಂಬುದನ್ನು ದೋಣಿಯವನಿಗೆ ಆ ಓರೆಯಿಂದಲೇ ಹೇಳಿಕೊಡಬಹುದು.